ಬೇಗೂರಿನ ಕಲ್ಲು, ಗಣಕದ ಅಕ್ಷರ

ಬೆಂಗಳೂರಿನ ದಕ್ಷಿಣಕ್ಕೆ ಬೇಗೂರೆಂಬ ಹಳೆಯ ಊರಿದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ವೀರಗಲ್ಲಿನ ಶಾಸನವುಂಟು. ಗಂಗರ ಕಾಲದ, ಎಂದರೆ 9ನೆಯ ಶತಮಾನದ ಕೊನೆಯ ಭಾಗದ ಆ ಬರಹದಲ್ಲಿ ಬೆಂಗಳೂರಿನ ಕಾಳಗವೊಂದರ ಮಾತು ಬರುತ್ತದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಈ ಹೆಸರು ಬಂದಿತೆಂಬ ಕಥೆಯನ್ನು ಮನೆಮನೆಯಲ್ಲೂ ಕೇಳಿದ್ದೇವೆ. ಹೆಸರು ಆ ರಾಜನಿಗಿಂತಲೂ ಹಳೆಯದೆಂದು ಸಾಕ್ಷಿ ಹೇಳುವುದು ಈ ಕಲ್ಲು.

ಕಲ್ಲು ತಾನಾಗಿ ಸಾಕ್ಷಿ ಹೇಳಲಿಲ್ಲ. ಇದನ್ನು ವಿದ್ವಾಂಸರ ಗಮನಕ್ಕೆ ತಂದವರು ಆರ್. ನರಸಿಂಹಾಚಾರ್ಯರು. ಶಾಸನದ ಮೇಲೆ ಒದ್ದೆಯ ಕಾಗದವನ್ನು ಒತ್ತಿ, ಮಸಿ ತಟ್ಟಿ ಪ್ರತಿ ತೆಗೆಯುವುದು, ಬಳಿಕ ಹಳೆಯ ಲಿಪಿಯ ಒಂದೊಂದು ರೂಪವನ್ನೂ ಗುರುತಿಸಿ ಇಂದಿನ ಅಚ್ಚಿಗೆ ಇಳಿಸುವುದು ಶಾಸನ ಓದುವವರ ಪದ್ಧತಿ. ಇದೂ ಒಂದು ಪರಿವರ್ತನೆಯೇ ಅಲ್ಲವೆ? ರೂಪ ಬದಲಾಗಬೇಕು, ಅಕ್ಷರ ಬದಲಾಗಬಾರದು.

ಬೇಗೂರಿಗೆ ಸಮೀಪದಲ್ಲೇ ಎಲೆಕ್ಟ್ರಾನಿಕ್ ಸಿಟಿ ಇದೆ. ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಅದಕ್ಕೆ ಅಸ್ತಿಭಾರ ಹಾಕಿತು. ಬೆಂಗಳೂರಿನ ಗಣಕ ಕಂಪನಿಗಳಿಗೆ ಒದಗಿದ ಕೆಲಸಗಳಲ್ಲಿ ಒಂದು ಪಾಲು ಇದೇ ಜಾತಿಯದು: ದೊಡ್ಡ ಗಣಕಗಳಲ್ಲಿ ಉಳಿದ ಹಳೆಯ ಕಡತಗಳನ್ನು ಹೊಸ ಯಂತ್ರಗಳು ಓದುವಂತೆ ಮಾಡುವುದು.

ಗಣಕಕ್ಕೆ ಅಕ್ಷರ ತಿಳಿಯದು. ತಿಳಿಯುವುದು ಅಂಕಿ ಮಾತ್ರ. ಯಾವ ಅಂಕಿ ಯಾವ ಅಕ್ಷರವೆಂಬುದಕ್ಕೆ ಒಂದು ಪಟ್ಟಿ ಬೇಕು. ಅಮೆರಿಕದಲ್ಲಿ 1963ರಲ್ಲಿ ಆಸ್ಕಿ ಎಂಬ ಪಟ್ಟಿ ಹೊರಬಂದಿತು. ಮರುವರ್ಷ ಐಬಿಎಂ ಕಂಪನಿ ತನ್ನ ಸಿಸ್ಟಮ್ 360 ಗಣಕಕ್ಕೆ ಎಬ್ಸಿಡಿಕ್ ಎಂಬ ಬೇರೆಯ ಪಟ್ಟಿಯನ್ನಿಟ್ಟಿತು. ಇಂಗ್ಲಿಷಿನ ದೊಡ್ಡ 'ಎ' ಒಂದರಲ್ಲಿ 65, ಇನ್ನೊಂದರಲ್ಲಿ 193. ಕಷ್ಟ ಇಷ್ಟಕ್ಕೇ ಮುಗಿಯಲಿಲ್ಲ. ದೊಡ್ಡ ಗಣಕದ ಸಾಲು 80 ಕಂಡಿಗಳ ರಂಧ್ರಪತ್ರದ ವಂಶದ್ದು. ಮಾತು ಮುಗಿದರೂ ಮಿಕ್ಕ ಜಾಗವನ್ನು ಖಾಲಿ ಕಂಡಿಗಳಿಂದ ತುಂಬುತ್ತದೆ. ಮೇಜಿನ ಮೇಲಿನ ಗಣಕಕ್ಕೆ ಅದನ್ನು ಹಾಗೆಯೇ ಇಳಿಸಿದರೆ ಪ್ರತಿ ಸಾಲೂ ಒಂದೊಂದು ಪ್ಯಾರಾ ಆಗಿ ನಿಲ್ಲುತ್ತದೆ.

ಕನ್ನಡದ ಪಾಡು ಇನ್ನೂ ಸಿಕ್ಕಲಿನದು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಎಂಬ ಪಟ್ಟಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ 'ಕ'ದ ಅಂಕಿ 179. ಅದೇ ವರ್ಷ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಸ್ಥಾನ ದೊರೆಯಿತು. ಅಲ್ಲಿ 'ಕ' 3221. ಆದರೆ ಯುನಿಕೋಡ್ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಷ್ಟರಲ್ಲಿ ನಮ್ಮ ಮುದ್ರಣಾಲಯಗಳೂ ಕಚೇರಿಗಳೂ ಬಳಸಿದ್ದು ಬೇರೆಬೇರೆ ತಯಾರಕರ ಫಾಂಟುಗಳನ್ನು. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಅಂಕಿಗಳಲ್ಲೇ ಕನ್ನಡದ ತುಂಡುಗಳನ್ನು, ಅಚ್ಚುಮೊಳೆ ಜೋಡಿಸಿದಂತೆ, ಕೂರಿಸಿದ್ದರು. ಒಬ್ಬರು ಒತ್ತಕ್ಷರಕ್ಕೆ ಕೊಟ್ಟ ಅಂಕಿ ಇನ್ನೊಬ್ಬರಲ್ಲಿ ದೀರ್ಘದ್ದಾಗಿರಬಹುದು.

'ಸೂರ್ಯ' ಎಂಬ ಮಾತನ್ನೇ ನೋಡೋಣ. ಹಳೆಯ ಫಾಂಟು ಕಣ್ಣಿಗೆ ಕಂಡ ಕ್ರಮವನ್ನೇ ಹಿಡಿಯುತ್ತದೆ: ಮೊದಲು ಸೂ, ಆಮೇಲೆ ಯ, ಕೊನೆಗೆ ಅರ್ಕಾವತ್ತು. ಯುನಿಕೋಡ್ ಕಿವಿಗೆ ಕೇಳಿದ ಕ್ರಮವನ್ನು ಹಿಡಿಯುತ್ತದೆ: ಯಕಾರಕ್ಕೆ ಮೊದಲು ರ್ ಬರಬೇಕು. ಆದುದರಿಂದ ಪರಿವರ್ತಕ ತಂತ್ರಾಂಶ ಅಂಕಿ ಬದಲಿಸಿದರೆ ಸಾಲದು, ಸ್ಥಾನವನ್ನೂ ಬದಲಿಸಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದವಿದ್ದರೆ ಅದನ್ನು ಮೊದಲೇ ಬೇರ್ಪಡಿಸಬೇಕು. ಇಲ್ಲವಾದರೆ ಅದೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ.

ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲೂ, 'ಬರಹ'ದಲ್ಲೂ ಪರಿವರ್ತನೆಯ ಸಾಧನಗಳು ಸೇರಿವೆ. ಆದರೂ ಯಂತ್ರ ಮಾಡಿದ ಕೆಲಸವನ್ನು ಮನುಷ್ಯನೊಬ್ಬ ಮೂಲದೊಡನೆ ಹೋಲಿಸಿ ಓದಲೇಬೇಕು. ಕಥೆಯಲ್ಲಿ ಒಂದು ಒತ್ತು ಬಿದ್ದುಹೋದರೆ ಓದುಗ ತಿದ್ದಿಕೊಂಡಾನು. ಆಸ್ತಿಪತ್ರದ ಹೆಸರಿನಲ್ಲಿ ಬಿದ್ದರೆ ತಿದ್ದುವವರಾರು? ಪರಿವರ್ತನೆಯಾಯಿತೆಂದು ಮೂಲ ಕಡತವನ್ನು ಅಳಿಸುವುದೂ ಅವಿವೇಕವೇ. ನಾಳೆ ತಪ್ಪು ಕಂಡರೆ ಹಿಂದಿರುಗಿ ನೋಡಲು ಅದೊಂದೇ ಗತಿ.

ಬೇಗೂರಿನ ಕಲ್ಲನ್ನು ಕೆತ್ತಿದವನು ತನ್ನ ಅಕ್ಷರಗಳ ಪಟ್ಟಿಯನ್ನು ಎಲ್ಲಿಯೂ ಬರೆದಿಡಲಿಲ್ಲ. ಲಿಪಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದುದರಿಂದ ಸಾವಿರ ವರ್ಷದ ಮೇಲೂ ಅದನ್ನು ಓದಬಲ್ಲೆವು. ಬಳಕೆ ತಪ್ಪಿದ ಱ, ೞ ಅಕ್ಷರಗಳಿಗೂ ಯುನಿಕೋಡಿನಲ್ಲಿ ಇಂದು ಸ್ಥಾನವಿದೆ. ಹೀಗಿರಲು, ಇಪ್ಪತ್ತೈದು ವರ್ಷಗಳ ಹಿಂದೆ ಮನೆಯ ಹಿರಿಯರೊಬ್ಬರು ಬೆರಳಚ್ಚು ಮಾಡಿಸಿಟ್ಟ ವಂಶಚರಿತ್ರೆಯೋ, ಸಂಘವೊಂದರ ನಡವಳಿಯೋ ಓದಲಾರದ ಕಡತವಾಗಿ ಬಿದ್ದಿದ್ದರೆ ಅದು ನಮ್ಮ ಉದಾಸೀನವೇ ಸರಿ. ಅದನ್ನು ಯಾವ ಫಾಂಟಿನಲ್ಲಿ ಬರೆದರೆಂದು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಇಂದೇ ಕೇಳಿ ಬರೆದಿಟ್ಟುಕೊಳ್ಳುವುದು ಮೇಲು.