ನಗದು ಲಭ್ಯತಾ ಸಂರಕ್ಷಣೆ (ಬ್ರಿಟನ್)

ಬ್ಯಾಂಕುಗಳ ಶಾಖೆಗಳೂ ಎಟಿಎಂಗಳೂ ಮುಚ್ಚುತ್ತ ಬಂದರೂ ಸಾರ್ವಜನಿಕರು ನೋಟು ನಾಣ್ಯಗಳನ್ನು ಸಮಂಜಸವಾದ ದೂರದೊಳಗೆ ಪಡೆಯುವ ಹಾಗೂ ಜಮಾ ಮಾಡುವ ಅವಕಾಶವು ಲೋಪವಾಗದಂತೆ ಬ್ರಿಟನ್ನಿನಲ್ಲಿ ಶಾಸನಬದ್ಧವಾಗಿ ಏರ್ಪಟ್ಟಿರುವ ನಿಯಂತ್ರಣ ವ್ಯವಸ್ಥೆ. ಕಾರ್ಡು ಮತ್ತು ಮೊಬೈಲ್ ಪಾವತಿಗಳ ಪ್ರಾಬಲ್ಯದಿಂದ ನಗದು ವಿತರಣೆಯು ಬ್ಯಾಂಕುಗಳಿಗೆ ದುಬಾರಿಯಾಗಿ ಪರಿಣಮಿಸಿದುದೇ ಇದರ ಮೂಲಕಾರಣ. ನಟಾಲಿ ಸೀನಿಯವರ ಅಧ್ಯಕ್ಷತೆಯ ಸ್ವತಂತ್ರ ಸಮೀಕ್ಷೆಯು ನಗದನ್ನೇ ಅವಲಂಬಿಸಿರುವ ವೃದ್ಧರು, ಬಡವರು ಮತ್ತು ಗ್ರಾಮೀಣರ ಸಂಕಷ್ಟವನ್ನು 2019ರಲ್ಲಿ ಎತ್ತಿ ತೋರಿದ ತರುವಾಯ, 2023ರ ಹಣಕಾಸು ಸೇವೆಗಳು ಮತ್ತು ಮಾರುಕಟ್ಟೆಗಳ ಕಾಯಿದೆಯು ಈ ಸಂರಕ್ಷಣೆಯ ಅಧಿಕಾರವನ್ನು ಹಣಕಾಸು ಸೇವೆಗಳ ನಿಯಂತ್ರಕ ಸಂಸ್ಥೆಯಾದ ಫೈನಾನ್ಷಿಯಲ್ ಕಾಂಡಕ್ಟ್ ಅಥಾರಿಟಿಗೆ ವಹಿಸಿತು. ಆ ಸಂಸ್ಥೆಯ ನಿಯಮಗಳು 2024ರ ಸೆಪ್ಟೆಂಬರ್ 18ರಂದು ಜಾರಿಗೆ ಬಂದುವು.

ಸರಕಾರದ ನೀತಿಯಂತೆ ಬಹುಪಾಲು ಜನರಿಗೆ ನಗರಗಳಲ್ಲಿ 1 ಮೈಲಿ, ಗ್ರಾಮಾಂತರದಲ್ಲಿ 3 ಮೈಲಿಗಳೊಳಗೆ ಈ ಸೇವೆ ದೊರೆಯತಕ್ಕದ್ದು. ವೈಯಕ್ತಿಕ ಖಾತೆಯಿಂದ ಹಣ ತೆಗೆಯುವುದು ಶುಲ್ಕರಹಿತವಾಗಿರತಕ್ಕದ್ದು. ಶಾಖೆಯೊಂದನ್ನು ಮುಚ್ಚುವಾಗ, ಅಥವಾ ಸ್ಥಳೀಯರು ಕೋರಿಕೆ ಸಲ್ಲಿಸಿದಾಗ, ಸರಕಾರದಿಂದ ಗೊತ್ತುಪಡಿಸಲ್ಪಟ್ಟ ದೊಡ್ಡ ಬ್ಯಾಂಕುಗಳೂ ಬಿಲ್ಡಿಂಗ್ ಸೊಸೈಟಿಗಳೂ ಆ ಪ್ರದೇಶದ ಅಗತ್ಯವನ್ನು ಪರಾಮರ್ಶಿಸಿ ಕೊರತೆಯನ್ನು ತುಂಬಬೇಕು. ಬದಲಿ ಸೇವೆ ಅಗತ್ಯವೆಂದು ಕಂಡುಬಂದಲ್ಲಿ ಅದು ಸಿದ್ಧವಾಗುವವರೆಗೆ ಹಳೆಯದನ್ನು ಮುಚ್ಚುವಂತಿಲ್ಲ. ಪರಾಮರ್ಶೆಯ ಹೊಣೆಯನ್ನು ಎಟಿಎಂ ಜಾಲವಾದ ಲಿಂಕ್ ಬಹುಮಟ್ಟಿಗೆ ಹೊತ್ತಿದೆ. ಅನೇಕ ಬ್ಯಾಂಕುಗಳ ಗ್ರಾಹಕರಿಗೆ ಒಂದೇ ಸೂರಿನಡಿ ಸೇವೆ ಸಲ್ಲಿಸುವ, ಅಂಚೆ ಕಚೇರಿಯ ಸಿಬ್ಬಂದಿಯು ನಡೆಸುವ 'ಬ್ಯಾಂಕಿಂಗ್ ಹಬ್' ಎಂಬ ಕೇಂದ್ರಗಳು ಬದಲಿ ವ್ಯವಸ್ಥೆಗಳಲ್ಲಿ ಪ್ರಮುಖವಾದುವು.

ಈ ಸಂರಕ್ಷಣೆಯು ಬ್ಯಾಂಕುಗಳ ಹಾಗೂ ಬಿಲ್ಡಿಂಗ್ ಸೊಸೈಟಿಗಳ ಕರ್ತವ್ಯಕ್ಕೆ ಸೀಮಿತವಾಗಿದ್ದು, ಅಂಗಡಿಯವರು ನಗದನ್ನು ಸ್ವೀಕರಿಸಲೇಬೇಕೆಂದು ವಿಧಿಸುವುದಿಲ್ಲ. ಶಾಖೆಗಳ ಮುಚ್ಚುಗಡೆಯನ್ನೂ ಅದು ಸಂಪೂರ್ಣವಾಗಿ ನಿಷೇಧಿಸಿಲ್ಲ.