ತೂಕದಲ್ಲಿ ಕೊಬ್ಬು ಕಳೆದರೆ ಉಳಿಯೋದೆಷ್ಟು?

ಫೋನಿನ ಆ್ಯಪ್ ಒಂದು ನನ್ನ ಎತ್ತರ, ತೂಕ, ಗಂಡೋ ಹೆಣ್ಣೋ ಅಂತ ಮಾತ್ರ ಕೇಳಿ, ‘ನಿಮ್ಮ ಲೀನ್ ಬಾಡಿ ಮಾಸ್ 53.9 ಕೆಜಿ’ ಅಂದಿತು. ದಶಮಾಂಶದ ಸಮೇತ! ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಹಳೇ ಚಟ ಬಿಡುತ್ತದೆಯೇ? ಒಳಗಿನ ಸೂತ್ರ ಹುಡುಕಿದೆ.

ಲೀನ್ ಬಾಡಿ ಮಾಸ್ ಅಂದರೆ ಒಟ್ಟು ತೂಕದಲ್ಲಿ ಕೊಬ್ಬು ಕಳೆದು ಉಳಿದದ್ದು. ಬರೀ ಮಾಂಸಖಂಡ ಅಲ್ಲ. ಮೂಳೆ, ನೀರು, ಅಂಗಾಂಗ ಎಲ್ಲ ಸೇರಿ. ಆ್ಯಪ್ ಬಳಸಿದ್ದು 1984ರ ಬೋಯರ್ ಸೂತ್ರ. ತೂಕ ಕೆಜಿಯಲ್ಲಿ, ಎತ್ತರ ಸೆಂ.ಮೀ.ನಲ್ಲಿ:

ಪುರುಷರಿಗೆ: 0.407 × ತೂಕ + 0.267 × ಎತ್ತರ − 19.2
ಮಹಿಳೆಯರಿಗೆ: 0.252 × ತೂಕ + 0.473 × ಎತ್ತರ − 48.3

ನಾನು 68 ಕೆಜಿ, 170 ಸೆಂ.ಮೀ. ಇದೇ ಅಂಕಿಗಳನ್ನು 1966ರ ಹ್ಯೂಮ್ ಸೂತ್ರಕ್ಕೆ ಹಾಕಿದರೆ 50.5 ಕೆಜಿ, ಜೇಮ್ಸ್ ಸೂತ್ರಕ್ಕೆ ಹಾಕಿದರೆ 54.3. ಅಂದರೆ ನನ್ನ ಕೊಬ್ಬು ಶೇ. 20ಕ್ಕೂ ಇರಬಹುದು, ಶೇ. 26ಕ್ಕೂ ಇರಬಹುದು. ಆ ದಶಮಾಂಶ ಬರೀ ಶೋಕಿ.

ಜೇಮ್ಸ್ ಸೂತ್ರದ್ದು ಇನ್ನೂ ದೊಡ್ಡ ಕಥೆ. ಮಹಿಳೆಯರಿಗೆ ಅದು: 1.07 × ತೂಕ − 148 × (ತೂಕ ÷ ಎತ್ತರ)ದ ವರ್ಗ. ವರ್ಗ ಇರುವುದರಿಂದ ರೇಖೆ ಮೇಲೇರಿ ಮತ್ತೆ ಕೆಳಗಿಳಿಯುತ್ತದೆ. 160 ಸೆಂ.ಮೀ. ಎತ್ತರದ ಮಹಿಳೆ 60 ಕೆಜಿ ಇದ್ದರೆ 43.4 ಕೆಜಿ ಅನ್ನುತ್ತದೆ; ಅದೇ ಎತ್ತರಕ್ಕೆ 150 ಕೆಜಿ ಇದ್ದರೆ 30.4! ನಗಬೇಡಿ. ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧಿ ಎಷ್ಟು ಹರಿಯಬೇಕು ಅಂತ ಪಂಪ್‌ಗಳು ಲೆಕ್ಕ ಹಾಕುವ ಶ್ನೈಡರ್ ಮಾದರಿಯೊಳಗೆ ಇರುವುದು ಇದೇ ಸೂತ್ರ. ಈ ದೋಷ ಸರಿಪಡಿಸುವ ಹೊಸ ಸೂತ್ರವನ್ನು 2005ರಲ್ಲಿ ಜನ್ಮಹಾಸತಿಯನ್ ಮತ್ತು ಸಂಗಡಿಗರು ಕೊಟ್ಟರು. ತೂಕ ಏರಿದಂತೆ ಅದರ ಉತ್ತರ ಇಳಿಯುವುದಿಲ್ಲ.

ಆದರೆ ಗಣಿತ ಸರಿಯಾದರೂ ದೇಹ ಯಾರದ್ದು ಅನ್ನುವ ಪ್ರಶ್ನೆ ಉಳಿಯುತ್ತದೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮದೇ ಫೋಟೊ ಹಾಕಿಕೊಂಡರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಕೊಬ್ಬು ಶೇ. 9.1, ಯಾಜ್ಞಿಕ್‌ದು ಶೇ. 21.2. ಜೇಮ್ಸ್ ಸೂತ್ರ ಇಬ್ಬರಿಗೂ ಶೇ. 18.5 ಅನ್ನುತ್ತದೆ. ತೆಳ್ಳಗೆ ಕಂಡರೂ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ ಇರುವ ನಮ್ಮಂಥವರ ಬಗ್ಗೆ ಎತ್ತರ–ತೂಕದ ಸೂತ್ರ ಏನು ತಾನೇ ಹೇಳೀತು?

ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಎಷ್ಟೋ ಮೇಲು, ಆದರೆ ದುಡ್ಡು ಬೇಕು. ಮನೆಯಲ್ಲಿ ಮಾಡುವುದಾದರೆ ಅಮೆರಿಕ ನೌಕಾಪಡೆಯ ಟೇಪ್ ವಿಧಾನ ಪರವಾಗಿಲ್ಲ: ಕತ್ತು, ಹೊಕ್ಕುಳ ಮಟ್ಟದ ಹೊಟ್ಟೆ, ಎತ್ತರ, ಮಹಿಳೆಯರಿಗೆ ಸೊಂಟದ ಕಿರಿದಾದ ಭಾಗ ಮತ್ತು ನಿತಂಬದ ಸುತ್ತಳತೆ. ಕತ್ತು 38, ಹೊಟ್ಟೆ 92 ಹಾಕಿದಾಗ ನನ್ನ ಕೊಬ್ಬು ಸುಮಾರು ಶೇ. 23 ಬಂತು, ಉಳಿದದ್ದು 52 ಕೆಜಿ ಚಿಲ್ಲರೆ. ತೂಕ ಅಷ್ಟೇ ಇದ್ದು ಹೊಟ್ಟೆ 96 ಆದರೆ ಕೊಬ್ಬು ಶೇ. 25.6ಕ್ಕೆ ಏರುತ್ತದೆ. ಆ್ಯಪ್ ಮಾತ್ರ ಆಗಲೂ 53.9 ಅಂತಲೇ ಹೇಳುತ್ತಿರುತ್ತದೆ.