ಅಂಕಿತವೂ ಅಚ್ಚೂ: ಮೂರು ಆಯಾಮದ ಮುದ್ರಣ ಮತ್ತು ಕರ್ತೃವಿನ ಹಕ್ಕು

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ತುಂಗಭದ್ರೆಯ ದಡದ ಮೇಲಿರುವ ಚೀಕಲಪರ್ವಿಯು ವಿಜಯದಾಸರ ಜನ್ಮಸ್ಥಳವೆಂದು ನಾಡಿಗೆ ಪರಿಚಿತವಾಗಿದೆ. 1682ರಲ್ಲಿ ಜನಿಸಿ 1755ರಲ್ಲಿ ಕಾಲವಾದ ಈ ದಾಸರು ತಮ್ಮ ಸುಳಾದಿ, ಉಗಾಭೋಗಗಳನ್ನು 'ವಿಜಯವಿಠಲ' ಎಂಬ ಅಂಕಿತದಿಂದ ಮುಗಿಸಿದರು. ಅವರ ಜೀವಿತಕಾಲದಲ್ಲಿಯೇ, 1710ರಲ್ಲಿ, ಇಂಗ್ಲೆಂಡಿನಲ್ಲಿ ರಾಣಿ ಆನ್‌ಳ ಶಾಸನವು ಜಾರಿಗೆ ಬಂದು, ಹೊಸ ಗ್ರಂಥವನ್ನು ಅಚ್ಚುಹಾಕಿಸುವ ಹಕ್ಕನ್ನು ಹದಿನಾಲ್ಕು ವರ್ಷಗಳ ಮಟ್ಟಿಗೆ ಗ್ರಂಥಕರ್ತನಿಗೆ ಕೊಟ್ಟಿತು. ಸಮಕಾಲೀನವಾದ ಈ ಎರಡು ಪದ್ಧತಿಗಳ ಅಂತರವು ವಿಚಾರಾರ್ಹವಾಗಿದೆ. ಶಾಸನವು ಪ್ರತಿಯನ್ನು ಕಾಯಿತು. ಅಂಕಿತವು ಹೆಸರನ್ನು ಕಾಯಿತು. ಇಂದು ಮೂರು ಆಯಾಮದ ಮುದ್ರಣವು ಒಡ್ಡಿರುವ ಪ್ರಶ್ನೆಯನ್ನು ಈ ಅಂತರದ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಅಂಕಿತವು ವಾಸ್ತವವಾಗಿ ಭಗವಂತನ ಹೆಸರು. ಅದರ ಮೂಲಕ ದಾಸನ ಗುರುತು. ಮೊಸರಕಲ್ಲಿನ ಗೋಪಾಲದಾಸರದು 'ಗೋಪಾಲವಿಠಲ', ಬ್ಯಾಗವಟ್ಟಿಯ ಜಗನ್ನಾಥದಾಸರದು 'ಜಗನ್ನಾಥವಿಠಲ'. ಪದವನ್ನು ಯಾರು ಬೇಕಾದರೂ ಹಾಡಬಹುದು, ಬರೆದುಕೊಳ್ಳಬಹುದು, ಅಂಕಿತವನ್ನು ಬದಲಿಸುವಂತಿಲ್ಲ. 1850ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗನು ದಾಸರ ಪದಗಳನ್ನು ಅಚ್ಚುಹಾಕಿಸುವ ವೇಳೆಗೆ ಅವು ಬಾಯಿಂದ ಬಾಯಿಗೆ ಹರಿದು ನಾಡನ್ನೆಲ್ಲ ವ್ಯಾಪಿಸಿದ್ದುವು. ಇಂಥ ಪದವು ಯಾರದೆಂದು ತಿಳಿಯಲು ಉಳಿದಿದ್ದ ಮುಖ್ಯ ಸಾಧನವೆಂದರೆ ಕೊನೆಯ ನುಡಿಯ ಅಂಕಿತವೇ.

ಇನ್ನು ಹೊಸ ಯಂತ್ರದ ಮಾತು. ವಸ್ತುವೊಂದರ ಆಕಾರವನ್ನು ಗಣಕದಲ್ಲಿ ಕಡತವಾಗಿ ಬರೆದು, ಆ ಕಡತದಂತೆ ಪ್ಲಾಸ್ಟಿಕ್ಕನ್ನೋ ಲೋಹವನ್ನೋ ಪದರದ ಮೇಲೆ ಪದರವಾಗಿ ಕೂಡಿಸುತ್ತ ವಸ್ತುವನ್ನು ಕಟ್ಟುವುದೇ ಮೂರು ಆಯಾಮದ ಮುದ್ರಣ. ಇದರ ಮೊದಲ ಪ್ರಮುಖ ಪೇಟೆಂಟನ್ನು ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಪಡೆದನು. ಕರಗಿಸಿದ ಪ್ಲಾಸ್ಟಿಕ್ಕಿನ ಎಳೆಯಿಂದ ವಸ್ತುವನ್ನು ಕಟ್ಟುವ ಮತ್ತೊಂದು ವಿಧಾನದ ಪೇಟೆಂಟು 2009ರಲ್ಲಿ ತೀರಿದ ಮೇಲೆ ಅಗ್ಗದ ಯಂತ್ರಗಳು ಮನೆಮನೆಯ ಮೇಜಿಗೂ ಬಂದುವು. ಪೇಟೆಂಟಿನ ಅವಧಿ ಮುಗಿದುದರಿಂದಲೇ ಹರಡಿದ ಯಂತ್ರವು ಇತರರ ಪೇಟೆಂಟುಗಳಿಗೆ ತೊಡಕಾಗಿರುವುದು ಚರಿತ್ರೆಯ ಒಂದು ವಿಚಿತ್ರ.

ತೊಡಕು ಎಲ್ಲಿದೆ? ನಮ್ಮ ಕಾಯಿದೆಗಳು ನಕಲು ಮಾಡುವವನಿಗೆ ಕಾರ್ಖಾನೆ ಬೇಕು, ಮಾರುಕಟ್ಟೆ ಬೇಕು ಎಂಬ ಗ್ರಹಿಕೆಯ ಮೇಲೆ ಬಹುಮಟ್ಟಿಗೆ ನಿಂತಿವೆ. 2000ದ ವಿನ್ಯಾಸ ಕಾಯಿದೆಯ 22ನೆಯ ಕಲಮು ನೋಂದಾಯಿತ ವಿನ್ಯಾಸವನ್ನು ಮಾರಾಟದ ಉದ್ದೇಶದಿಂದ ಅನುಕರಿಸುವುದನ್ನು ತಡೆಯುತ್ತದೆ. ತನ್ನ ಮನೆಯ ಬಳಕೆಗೆಂದು ಒಂದನ್ನು ಅಚ್ಚುಹಾಕಿಕೊಳ್ಳುವವನು ಇದರ ಹಿಡಿತಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 14ನೆಯ ಕಲಮಿನಂತೆ ಚಿತ್ರವನ್ನು ಘನಾಕಾರಕ್ಕೆ ತರುವುದೂ ಪುನರುತ್ಪಾದನೆಯೇ. ಆದರೆ ಅದೇ ಕಾಯಿದೆಯ 15ನೆಯ ಕಲಮು, ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡೆಯನೇ ಐವತ್ತಕ್ಕೂ ಹೆಚ್ಚು ಸಲ ಕೈಗಾರಿಕಾ ವಿಧಾನದಿಂದ ತಯಾರಿಸಿದರೆ ಅವನ ಕೃತಿಸ್ವಾಮ್ಯವನ್ನು ಕೊನೆಗೊಳಿಸುತ್ತದೆ. ಕಾಯಿದೆಯು ಕಲೆಯನ್ನೂ ಸರಕನ್ನೂ ಬೇರ್ಪಡಿಸಲು ಎಳೆದ ಈ ಗೆರೆಯನ್ನು ಕಡತವು ಅಳಿಸಿಬಿಡುತ್ತದೆ. ಕಡತವು ತಾನು ಬರೆಹ, ಅಚ್ಚಾದೊಡನೆ ವಸ್ತು.

ಇದರ ಪರಿಣಾಮವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದು ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಹಗುರವಾದ ಮರ, ಮರದ ಹೊಟ್ಟು, ಹುಣಸೆಬೀಜದ ಅಂಟುಗಳಿಂದ ಗರುಡ, ದೇವತಾಮೂರ್ತಿ, ಪ್ರಾಣಿಪಕ್ಷಿಗಳನ್ನು ರೂಪಿಸಿ ಬಣ್ಣ ಕೊಡುತ್ತ ಬಂದಿವೆ. ಈ ಗರುಡನನ್ನು ಯಂತ್ರದ ಕಣ್ಣಿಂದ ಅಳೆದು ಕಡತಮಾಡಿದರೆ ಯಾವ ಊರಿನಲ್ಲಿಯಾದರೂ ಅದೇ ಆಕಾರವು ಹೊರಬರುತ್ತದೆ. ಆಗ ಚಿತ್ರಗಾರನ ಕೈಗೆ ಕಾಯಿದೆಯು ಏನನ್ನು ಕೊಡುತ್ತದೆ? ಪರಂಪರೆಯ ಆಕಾರ ಹೊಸದಲ್ಲವಾದುದರಿಂದ ವಿನ್ಯಾಸದ ನೋಂದಣಿಯಿಲ್ಲ. ಪೇಟೆಂಟಿನ ಮಾತೇ ಇಲ್ಲ. ಉಳಿಯುವುದು 1999ರ ಭೌಗೋಳಿಕ ಸೂಚಕಗಳ ಕಾಯಿದೆ. ಚನ್ನಪಟ್ಟಣದ ಆಟಿಕೆ, ಬೀದರಿನ ಬಿದರಿ ಸಾಮಾನುಗಳಂತೆ ಕಿನ್ನಾಳದ ಗೊಂಬೆಗೂ ಇದರಡಿ ನೋಂದಣಿ ದೊರೆತಿದೆ. ಆದರೆ ಈ ಕಾಯಿದೆಯು ಮುಖ್ಯವಾಗಿ ಕಾಯುವುದು ಹೆಸರನ್ನು. ಪ್ಲಾಸ್ಟಿಕ್ಕಿನ ಗರುಡನನ್ನು 'ಕಿನ್ನಾಳದ್ದು' ಎಂದು ಮಾರಿದರೆ ತಪ್ಪು; ಬರಿಯ 'ಗರುಡ' ಎಂದು ಮಾರಿದರೆ ತಡೆಯುವುದು ಕಷ್ಟ. ಹೀಗೆ ಮೂರು ಶತಮಾನಗಳ ಶಾಸನಚರಿತ್ರೆಯ ತುದಿಯಲ್ಲಿ ಚಿತ್ರಗಾರನಿಗೆ ದಕ್ಕಿರುವುದು ಒಂದು ಬಗೆಯ ಅಂಕಿತವೇ ಆಗಿದೆ.

ದಾಸಪರಂಪರೆಯನ್ನು ಆದರ್ಶವೆಂದು ಮುಂದಿಟ್ಟು ಇಲ್ಲಿಗೆ ನಿಲ್ಲಿಸುವುದು ಸುಲಭ. ಆದರೆ ಅದು ನ್ಯಾಯವಾಗದು. ದಾಸರು ಪದವನ್ನು ಮಾರಿ ಬದುಕಲಿಲ್ಲ. ಮಧುಕರವೃತ್ತಿಯು ಅವರನ್ನು ಪೋಷಿಸಿತು. ಹಾಡು ಎಷ್ಟು ಬಾಯಿಗಳಿಗೆ ಹೋದರೂ ಅವರ ಜೋಳಿಗೆಗೆ ನಷ್ಟವಿರಲಿಲ್ಲ. ಚಿತ್ರಗಾರನಾದರೋ ಗೊಂಬೆಯನ್ನು ಮಾರಿಯೇ ಅಕ್ಕಿಯನ್ನು ತರಬೇಕು. ಅಲ್ಲದೆ ಕಾವಲಿಲ್ಲದ ಅಂಕಿತವೂ ಕೆಡುತ್ತದೆ: 'ಪುರಂದರವಿಠಲ' ಎಂಬ ಅಂಕಿತದ ಕೆಳಗೆ ಅನ್ಯರ ಪದಗಳೂ ಸೇರಿಕೊಂಡಿರುವುದನ್ನು ಗ್ರಂಥಸಂಪಾದಕರು ಬಲ್ಲರು.

ಆದುದರಿಂದ ಎರಡು ಕಾರ್ಯಗಳು ಅವಶ್ಯವೆಂದು ನಮಗೆ ತೋರುತ್ತದೆ. ಆಕಾರದ ಕಡತವು ಎಲ್ಲಿಗೆ ಹೋದರೂ ಮೂಲದ ಊರು, ಕಸುಬುದಾರರ ಹೆಸರು ಅದರೊಡನೆ ಹೋಗುವಂತೆ ವಿಧಿಸಬೇಕು. ಅದನ್ನು ಕಿತ್ತುಹಾಕುವುದು ಅಪರಾಧವಾಗಬೇಕು. ಎರಡನೆಯದಾಗಿ, ಕಡತದಿಂದ ಲಾಭ ಪಡೆಯುವ ವ್ಯಾಪಾರಿಯು ಅದರಲ್ಲಿ ಒಂದು ಪಾಲನ್ನು ಆ ಕಸುಬಿನ ಊರಿಗೆ ಸಲ್ಲಿಸಬೇಕು. ಮೊದಲನೆಯದನ್ನು ಚೀಕಲಪರ್ವಿಯ ಪರಂಪರೆಯಿಂದ ಕಲಿಯಬಹುದು. ಎರಡನೆಯದನ್ನು ಅಲ್ಲಿ ಹುಡುಕಿದರೆ ಸಿಕ್ಕದು. ಅದನ್ನು ಈ ಕಾಲದ ಶಾಸನಕರ್ತರೇ ರಚಿಸಬೇಕಾಗಿದೆ.